ಚರ್ಮದ ಕಾಲಂ

"ಥೂ, ಮುಚ್ಚೋ ಅದನ್ನ! ನಾನು ಮೊಸರನ್ನ ತಿಂತಾ ಇದೀನಿ, ನೀನು ಹೆಣ ತೋರಿಸ್ತೀಯಲ್ಲೋ ದರಿದ್ರದವನೆ!"

ದ್ವಾರಕಾನಾಥ ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದ. ನನ್ನ ಕಂಪ್ಯೂಟರಿನ ಪರದೆಯ ಮೇಲಿದ್ದದ್ದು ಹೆಣವಲ್ಲ, ಒಂದು ರೇಖಾಚಿತ್ರ. ಕೊಯ್ದ ದನದ ಯಾವ ಭಾಗ ಎಷ್ಟು ತೂಗುತ್ತದೆ ಎಂದು ಬಣ್ಣ ಹಚ್ಚಿ ತೋರಿಸಿದ್ದೆ. ಅದನ್ನು ಬರೆಯುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದವನು ಅವನೇ.

"ಸರ, ನಾಳಿಗೆ ಗಿರಾಕಿಗೋಳಿಗೆ ಹೋಗೂ ರಿಪೋರ್ಟ್ ಐತ್ರಿ ಇದು."

"ಅವರಿಗೆ ಹೋಗ್ಲಿ. ನನಗ್ಯಾಕೆ ತೋರಿಸ್ತೀಯ? ಕಂಪನಿ ನಂದು ಅಂದ ಮಾತ್ರಕ್ಕೆ ಹೆಣಾನೂ ನಂದೇನೋ?"

ಪಕ್ಕದ ಮೇಜಿನ ಕಶ್ಯಪ್ ನಕ್ಕ. ಯಜಮಾನನ ಮಾತು ಮುಗಿಯುವುದಕ್ಕೆ ಸ್ವಲ್ಪ ಮೊದಲೇ ನಗುವುದು ಅವನ ರೂಢಿ. ತಡವಾದರೆ ಇನ್ನೊಬ್ಬ ನಕ್ಕುಬಿಟ್ಟಾನೆಂಬ ಭಯ.

ನಮ್ಮ ಕಂಪನಿ ಅಮೆರಿಕದ ಬಾಥೆಲ್ ಎಂಬ ಊರಿನಲ್ಲಿತ್ತು, ಔಷಧಿ ಕಂಡುಹಿಡಿಯುವ ಒಂದು ಕಂಪನಿಯ ಮೇಲಿನ ಮಹಡಿಯಲ್ಲಿ. ನಮ್ಮ ವ್ಯಾಪಾರ ದನದ ಬೆಲೆಯನ್ನು ಮುಂದಾಗಿ ಹೇಳುವುದು. ಬೆಟ್ಟಸಾಲಿನ ಆಚೆಯ ಒಣ ಬಯಲಿನಲ್ಲಿ ಮಾಂಸಕ್ಕಾಗಿ ದನ ಸಾಕುವ ರೈತರು ಚಂದಾ ಕಟ್ಟಿ ನಮ್ಮ ಮುನ್ನೋಟ ತರಿಸಿಕೊಳ್ಳುತ್ತಿದ್ದರು. ಆ ಚಂದಾದಿಂದ ದ್ವಾರಕಾನಾಥನಿಗೆ ಎಜುಕೇಶನ್ ಹಿಲ್ ಎಂಬ ಬಡಾವಣೆಯಲ್ಲಿ ಹೊಸ ಮನೆಯಾಗಿತ್ತು. ಆದರೂ ಆಫೀಸಿನ ಫ್ರಿಜ್ಜಿನಲ್ಲಿ ಮೊಟ್ಟೆ ಇಡುವಂತಿರಲಿಲ್ಲ, ಬಾಯಲ್ಲಿ ಮಾಂಸ ಎನ್ನುವಂತಿರಲಿಲ್ಲ. 'ಪ್ರಾಡಕ್ಟ್' ಎನ್ನಬೇಕಾಗಿತ್ತು.

ವರದಿಯ ಕಾಲಂಗಳನ್ನು ನಮ್ಮೊಳಗೆ ಹಂಚಿದ ಬಗೆ ಗಮನಿಸಬೇಕಾದದ್ದು. ಹಾಲು, ಬೆಣ್ಣೆ ಕಶ್ಯಪನಿಗೆ. ಜೋಳ, ಸೋಯಾ, ಹುಲ್ಲು ಶಿವಕುಮಾರನಿಗೆ. ಅವನ ಮನೆತನ ಮಂಡ್ಯದ ಕಡೆಯ ಬೇಸಾಯಗಾರರು. ಮಾಂಸ ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು ರೋಸಿಗೆ. ಚರ್ಮ, ಕೊಂಬು, ಗೊರಸು, ಕರುಳು ನನಗೆ. ಇದಕ್ಕಾಗಿ ಮೀಟಿಂಗ್ ಆಗಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ದ್ವಾರಕಾನಾಥ ನನ್ನ ಬೆನ್ನು ತಟ್ಟಿದ. ತಟ್ಟಿದ ಅಂಗೈ ಹೆಗಲಿನಿಂದ ಓರೆಯಾಗಿ ನಿಧಾನಕ್ಕೆ ಇಳಿಯಿತು, ಶರ್ಟಿನೊಳಗೆ ಏನನ್ನೋ ಹುಡುಕುವ ಹಾಗೆ. ಸಿಗಲಿಲ್ಲ. "ಮನೆ ದೇವರು ಯಾವುದಪ್ಪಾ?" ಎಂದ. "ದ್ಯಾಮವ್ವರಿ" ಎಂದೆ. ನನ್ನ ಹೆಸರು ದ್ಯಾಮಣ್ಣ, ಬೇರೆ ಹೇಳುವ ಹಾಗೂ ಇರಲಿಲ್ಲ. ಮರುದಿನ ಬೆಳಿಗ್ಗೆ ಚರ್ಮದ ಕಾಲಂ ನನ್ನ ಹೆಸರಿನಲ್ಲಿತ್ತು. ನಾನು ಧಾರವಾಡದಲ್ಲಿ ಓದಿದ್ದು ಸಂಖ್ಯಾಶಾಸ್ತ್ರ.

"ನಿಂಗೆ ಚರ್ಮ, ನಂಗೆ ಮಾಂಸ," ಎನ್ನುತ್ತಿದ್ದಳು ರೋಸಿ. "ನಾವಿಬ್ರು ಸೇರಿದ್ರೆ ಒಂದು ದನ ಆಗ್ತದೆ ಮಾರಾಯ. ಹಾಲು ಕರೀಲಿಕ್ಕೆ ಮಾತ್ರ ಆ ಕಶ್ಯಪ ಬೇಕು."

ಆ ಸಂಜೆ ಮುನ್ನೋಟದ ಮಾತು ಬಂತು. ಅದು ಎರಡು ಸಾವಿರದ ಹದಿನೈದರ ಸೆಪ್ಟೆಂಬರ್. ಹಿಂದಿನ ವರ್ಷ ದನದ ಬೆಲೆ ಯಾರೂ ಕಂಡಿರದಷ್ಟು ಏರಿತ್ತು. ಎಲ್ಲ ಕಾಲಂಗಳನ್ನೂ ಕೂಡಿಸಿ ಗೆರೆ ಎಳೆಯುವ ಕೆಲಸ ನನ್ನದು, ತಪ್ಪು ಹುಡುಕುವುದು ರೋಸಿಯದು. ಗೆರೆ ಕೆಳಗೆ ಹೋಗುತ್ತಿತ್ತು.

"ಇಳೀತೈತ್ರಿ ಸರ," ಎಂದೆ. "ರೇಟ್ ಚಲೋ ಐತಂತ ಎಲ್ಲಾರೂ ಕಡಸು ಮಾರದ ಇಟ್ಕೊಂಡಾರ. ಅದಕ್ಕ ಈಗ ಪ್ರಾಡಕ್ಟ್ ಕಡಿಮಿ. ಅವು ಈಯ್ದು, ಕರಾ ದೊಡ್ಡವಾಗಿ, ಎಲ್ಲಾ ಒಮ್ಮೆಲೆ ಸಂತಿಗೆ ಬಂದ್ರ ಕೇಳಾವರು ಇರೂದಿಲ್ಲ. ಇದ್ದ ದನಾನೂ ಮೊದಲಿಗಿಂತ ಭಾಳ ತೂಗಾಕತ್ತಾವ."

"ಇಳಿಯುತ್ತೆ ಅಂತ ಬರೀಬೇಡ. 'ಸ್ಥಿರ, ಆಶಾದಾಯಕ. ಕಡಸು ಉಳಿಸಿಕೊಳ್ಳಿ' ಅಂತ ಹಾಕು. ಅಕ್ಟೋಬರಲ್ಲಿ ಚಂದಾ ರಿನ್ಯೂ ಆಗ್ಬೇಕು. ಜಾತಕ ತೋರಿಸೋಕೆ ಬಂದೋನಿಗೆ ಶನಿಕಾಟ ಇದೆ ಅಂದ್ರೆ ದಕ್ಷಿಣೆ ಕೊಡ್ತಾನೇನೋ?"

"ಶನಿಕಾಟ ಅಂದ್ರೇ ಜಾಸ್ತಿ ಕೊಡುದಲ್ವಾ ಸಾರ್?" ಎಂದಳು ರೋಸಿ.

ಈ ಸಲ ಕಶ್ಯಪನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ದ್ವಾರಕಾನಾಥ ನನ್ನ ಮೌಸ್ ಕಿತ್ತುಕೊಂಡು ಗೆರೆಯ ಬಾಲವನ್ನು ತಾನೇ ಹಿಡಿದು ಮೇಲಕ್ಕೆ ಎಳೆದ. ಒಂದು ದೇಶದ ದನಗಳೆಲ್ಲ ಬಾಲ ಎತ್ತಿದಂತೆ ಕಾಣಿಸಿತು.

"ಇನ್ನೊಂದು. ಶನಿವಾರ ಗೃಹಪ್ರವೇಶ. ನಮ್ಮ ಗಿರಾಕಿ ಗ್ಲೆನ್ ಒಂದು ಹಸು ತರ್ತಾನೆ. ನೀನು ಬೇಗ ಬಾ, ಹಗ್ಗ ಹಿಡ್ಕೊಳಕ್ಕೆ."

"ನಾ ಯಾಕ್ರಿ ಸರ?"

"ನಿಮ್ಮೋರಿಗೆ ದನ ಅಭ್ಯಾಸ ಅಲ್ವೇನೋ."

"ನಮ್ಮ ಮಂದಿ ಕೈಗೆ ಬರೂದು ಅದು ಸತ್ತ ಮ್ಯಾಲರಿ. ಜೀವ ಇರೂತನಾ ಮುಟ್ಟಾಕ ಯಾರು ಬಿಡ್ತಿದ್ರು?"

ದ್ವಾರಕಾನಾಥ ಸಿಟ್ಟಾಗಲಿಲ್ಲ. ಅವನಿಗೆ ಸಿಟ್ಟಿಗಿಂತ ಒಳ್ಳೆಯ ಆಯುಧವಿತ್ತು. "ನಿನ್ನ ಪೇಪರ್ಸ್ ನನ್ನ ಟೇಬಲ್ ಮೇಲೇ ಇದೆ ದ್ಯಾಮಣ್ಣ. ಈ ಗಲಾಟೆ ಮುಗೀಲಿ. ಸೋಮವಾರ ಸಹಿ ಹಾಕ್ತೀನಿ."

ಆ ಸಹಿ ಗ್ರೀನ್ ಕಾರ್ಡಿನ ಅರ್ಜಿಗೆ ಬೇಕಾದದ್ದು. ಕಂಪನಿ ಸಹಿ ಹಾಕದಿದ್ದರೆ ನನ್ನ ವೀಸಾ ಮುಂದಿನ ಬೇಸಿಗೆಗೆ ಮುಗಿಯುತ್ತಿತ್ತು, ಗಂಟುಮೂಟೆ ಕಟ್ಟಬೇಕಿತ್ತು. ಅರ್ಜಿ ಮಂಜೂರಾದರೆ ನನ್ನ ಹೆಂಡತಿ ಗೌರಾದೇವಿಗೂ ದುಡಿಯುವ ಪರವಾನಗಿ ಸಿಗುತ್ತಿತ್ತು. ಆ ವರ್ಷವೇ ಬಂದ ಕಾನೂನು. ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದವಳು, ವಿಮಾನ ತಯಾರಿಸುವ ಊರಾದ ಎವರೆಟ್‌ನ ಬಾಡಿಗೆ ಮನೆಯಲ್ಲಿ, ತಲೆಯ ಮೇಲೆ ಹೊಸ ವಿಮಾನಗಳು ಪರೀಕ್ಷೆಗೆ ಹಾರುವ ಸದ್ದು ಕೇಳುತ್ತ, ಒರೆಸಿದ ನೆಲವನ್ನೇ ಒರೆಸುತ್ತಿದ್ದಳು.

"ಹಗ್ಗಾ ಹಿಡಿ," ಎಂದಳು ಅವಳು. "ಹಗ್ಗಾ ಹಿಡದ್ರ ನಿನ್ನ ಗಂಟೇನ ಹೋಕ್ಕೈತಿ? ಸಹಿ ಆಗ್ಲಿ. ಆಮ್ಯಾಲ ಅದ ಹಗ್ಗಾ ಆ ಭಾಡ್ಯಾನ ಕೊಳ್ಳಾಗ ಹಾಕು."

"ನನಗ ದನಾ ಅಂದ್ರ ಅಂಜಿಕಿ ಬರ್ತೈತಲೇ."

ಅವಳು ನಕ್ಕು ನಕ್ಕು ಕೂತುಬಿಟ್ಟಳು. ಸುಳ್ಳಲ್ಲ ಅದು. ನನ್ನಪ್ಪ ರೈಲ್ವೆ ಟಿಕೆಟ್ ಗುಮಾಸ್ತ. ನಾನು ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ತರಕಾರಿ ಮಾರ್ಕೆಟ್ಟಿನ ಬಿಡಾಡಿ ದನ ಕೊಂಬು ಆಡಿಸಿದರೆ ಅಪ್ಪ ಮಗ ಇಬ್ಬರೂ ಚೀಲ ಬಿಟ್ಟು ಓಡುತ್ತಿದ್ದೆವು. ದನಗಳೊಂದಿಗೆ ನನಗಿದ್ದ ಪರಿಚಯವೆಲ್ಲ ಅಂಕಿಗಳಲ್ಲಿ.

ಶನಿವಾರ ಬೆಳಿಗ್ಗೆ ಎಜುಕೇಶನ್ ಹಿಲ್‌ನ ಆ ರಸ್ತೆಯಲ್ಲಿ ಕಾರುಗಳ ಸಾಲು. ಗ್ಲೆನ್ ಟ್ರೇಲರ್ ತಂದು ಡ್ರೈವ್‌ವೇಗೆ ಹಿಮ್ಮುಖವಾಗಿ ಹೊಗಿಸಿದ. ಅರವತ್ತು ದಾಟಿದವನು, ತೊಗಲಿನಂಥ ಕುತ್ತಿಗೆ, ಬಿಸಿಲಿಗೆ ಮಾಸಿದ ಟೋಪಿ. ಅವನು ಇಳಿಸಿದ್ದು ಕಡುಕಪ್ಪು ಬಣ್ಣದ, ಇನ್ನೂ ಕರು ಹಾಕದ ಒಂದು ಕಡಸು. ಕಿವಿಯಲ್ಲಿ ಅಂಗೈಯಗಲದ ಹಳದಿ ಬಿಲ್ಲೆ.

ದ್ವಾರಕಾನಾಥನ ಹೆಂಡತಿ ಅಲಮೇಲು ಒಂಬತ್ತು ಗಜದ ಸೀರೆಯಲ್ಲಿ ಓಡಿಬಂದು ಅಲ್ಲೇ ನಿಂತಳು.

"ಅಯ್ಯೋ ಕಪ್ಪೂ! ಬಿಳೀದು ಇರ್ಲಿಲ್ವಂತಾ? ರೀ, ಫೋಟೋದಲ್ಲಿ ಏನೂ ಕಾಣ್ಸಲ್ಲ ರೀ ಇದು!"

"ಅರಿಶಿನ ಜಾಸ್ತಿ ಹಚ್ಚು," ಎಂದ ದ್ವಾರಕಾನಾಥ. "ದ್ಯಾಮಣ್ಣ, ಆ ಕಿವಿ ಟ್ಯಾಗ್ ಕೀಳು. ಅಸಹ್ಯ."

ಕಿತ್ತರೆ ಕಿವಿಯೂ ಬರುತ್ತದೆ ಎಂದು ಗ್ಲೆನ್ ಹೇಳಿದ. ಅದರ ಮೇಲೆ ಮಲ್ಲಿಗೆ ಸುತ್ತಿದರು. ಕಡಸು ಮಲ್ಲಿಗೆಯನ್ನು ನಾಲಿಗೆ ಚಾಚಿ ಎಳೆದು ತಿಂದಿತು. ಮತ್ತೆ ಸುತ್ತಿದರು.

ಹಗ್ಗ ನನ್ನ ಕೈಗೆ ಬಂತು. ನಾನು ಕಡಸಿನ ಹಿಂದೆ ಮಾರುದೂರ ಸರಿದು ನಿಂತದ್ದನ್ನು ನೋಡಿ ಗ್ಲೆನ್ ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ, "ಹಿಂದೆ ನಿಲ್ಲಬೇಡ. ಹೆಗಲಿನ ಪಕ್ಕ ನಿಲ್ಲು. ನೀನು ಹೆದರಿದರೆ ಅದೂ ಹೆದರುತ್ತದೆ." ಆಮೇಲೆ ಕೇಳಿದ, "ಈ ವರದಿಗಳ ಲೆಕ್ಕ ಮಾಡುವುದು ಯಾರು? ಯಜಮಾನನೋ?"

"ನಾನು."

"ನನ್ನ ಹತ್ತಿರ ಇಂಥವು ಇನ್ನೊಂದು ಹಿಂಡಿದೆ. ಕೊಳ್ಳುವವನೊಬ್ಬ ಒಳ್ಳೆಯ ಬೆಲೆ ಹೇಳಿದ್ದಾನೆ, ಸಂಜೆಯೊಳಗೆ ಉತ್ತರ ಕೊಡಬೇಕು. ವರದಿ ಉಳಿಸಿಕೋ ಎನ್ನುತ್ತದೆ. ಮಗಳೂ ಅಳಿಯನೂ ಪಟ್ಟಣದ ಕೆಲಸ ಬಿಟ್ಟು ಬಂದು ನನ್ನ ಜೊತೆ ನಿಂತಿದ್ದಾರೆ, ಹಿಂಡು ದೊಡ್ಡದು ಮಾಡೋಣ ಎಂದು. ನೀನಾಗಿದ್ದರೆ ಉಳಿಸಿಕೊಳ್ಳುತ್ತಿದ್ದೆಯಾ?"

"ವರದಿಯಲ್ಲಿ ಏನಿದೆಯೋ ಅದೇ," ಎಂದೆ.

"ನಾನು ವರದಿಯನ್ನು ಕೇಳುತ್ತಿಲ್ಲ."

ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು. ಮುಹೂರ್ತ ಮೀರುತ್ತಿತ್ತು. ಹೊಸ್ತಿಲ ಹತ್ತಿರ ಬಾಳೆಎಲೆ ಜೋಡಿಸುತ್ತಿದ್ದ ರೋಸಿ ನಮ್ಮ ಮಾತು ಕೇಳಿಸಿಕೊಂಡಿದ್ದಳು. ಹಗ್ಗ ಹಿಡಿದು ಹೋಗುವಾಗ ಪಿಸುಗುಟ್ಟಿದಳು, "ಸಹಿ ಆಗುವವರೆಗೆ ಬಾಯಿಗೆ ಬೀಗ ಹಾಕು ಮಾರಾಯ. ನನ್ನ ಕಾರ್ಡ್ ಬಂದಾಗಿದೆ, ನಂಗೆ ಹೆದರಿಕೆ ಇಲ್ಲ. ನಿಂಗೆ ಉಂಟು."

ಮನೆಯ ನೆಲ ಕನ್ನಡಿಯಂಥ ಮರದ್ದು. ಕಡಸು ಮುಂಗಾಲಿಟ್ಟಿತು, ಜಾರಿತು, ಹೂಂಕರಿಸಿ ಹಿಂದೆ ಸರಿಯಿತು. ಕಶ್ಯಪ್ ಓಡಿಹೋಗಿ ಅಲಮೇಲುವಿನ ಯೋಗದ ಚಾಪೆಗಳನ್ನೆಲ್ಲ ತಂದು ಹಾಸಿದ. ಗೋಮಾತೆ ಯೋಗದ ಚಾಪೆಗಳ ಮೇಲೆ ಹೆಜ್ಜೆಯಿಡುತ್ತ ಒಳಗೆ ಬಂದಳು. ನಲವತ್ತು ಜನ, ಎಲ್ಲರ ಕೈಯಲ್ಲೂ ಫೋನು.

"ಸವತ್ಸ ಧೇನು ಆಗ್ಬೇಕು," ಎಂದರು ಊರಾಚೆಯಿಂದ ಬಂದಿದ್ದ ಭಟ್ಟರು. "ಕರು ಎಲ್ಲಿ?"

"ಇನ್ನೂ ಒಂದು ಸಲವೂ ಈದಿಲ್ಲ ಅದು," ಎಂದ ಗ್ಲೆನ್‌ನ ಮಾತನ್ನು ನಾನು ತಿಳಿಸಿದೆ.

ಭಟ್ಟರು ದ್ವಾರಕಾನಾಥನನ್ನು ನೋಡಿದರು, ಅವನು ಹೆಂಡತಿಯನ್ನು ನೋಡಿದ, ಅವಳು ಮಹಡಿ ಹತ್ತಿ ಮಗಳ ಹಾಸಿಗೆಯಿಂದ ಕಪ್ಪು ಬಿಳಿ ಚುಕ್ಕೆಯ ಹತ್ತಿಯ ಗೊಂಬೆಯೊಂದನ್ನು ತಂದಳು. ಅದನ್ನು ಕಡಸಿನ ಕಾಲ ಬುಡದಲ್ಲಿ ಕೂರಿಸಿ ಕುಂಕುಮವಿಟ್ಟರು. "ಅದು ಹಸು ಅಲ್ಲ, ನಾಯಿ," ಎಂದು ಮಗು ಇಂಗ್ಲಿಷಿನಲ್ಲಿ ಅಳುತ್ತ ಹೇಳಿತು. ಮಂತ್ರ ಜೋರಾಯಿತು.

ಆರತಿಯ ಹೊತ್ತಿಗೆ ಕಡಸು ಬಾಲ ಎತ್ತಿತು.

"ಲಕ್ಷ್ಮಿ! ಸಾಕ್ಷಾತ್ ಲಕ್ಷ್ಮಿ ಬಂದ್ಲು ನೋಡಿ!" ಭಟ್ಟರು ಕೈ ಮುಗಿದರು. ನಲವತ್ತು ಜನ ಚಪ್ಪಾಳೆ ತಟ್ಟಿದರು. ಲಕ್ಷ್ಮಿ ಧಾರಾಳವಾಗಿಯೇ ಬಂದಿದ್ದಳು. ಚಾಪೆ ದಾಟಿ ನೆಲದ ಮೇಲೆ ಹರಡಿ ಬಿಳಿ ಜಮಖಾನೆಯ ಅಂಚಿನ ಕಡೆ ಸಾಗಿದ್ದಳು.

"ಅಯ್ಯಯ್ಯೋ ರಗ್ಗು!" ಅಲಮೇಲು ಕಿರುಚಿದಳು. "ದ್ಯಾಮಣ್ಣ, ತೆಗಿ, ತೆಗಿ, ಬೇಗ!"

"ಸಲಿಕಿ ಐತೇನ್ರಿ ಅಕ್ಕಾರ?"

"ಕೈಯಲ್ಲಿ ಬಾಚೋ," ಎಂದ ದ್ವಾರಕಾನಾಥ. "ಪವಿತ್ರ ಅದು. ಏನೂ ಆಗಲ್ಲ."

"ಪವಿತ್ರ ಐತಂದ್ರ ಕಶ್ಯಪ್ ಸರ್ ತಗೀಲೇಳ್ರಿ. ನನ್ನ ಕೈಯಾಗ ಹಗ್ಗ ಐತಿ."

"ನಾನು ಮಡಿಯಲ್ಲಿದೀನಿ," ಎಂದ ಕಶ್ಯಪ್, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಂದೆ ಹಾರುತ್ತ.

"ಸೋಮವಾರ," ಎಂದ ದ್ವಾರಕಾನಾಥ. ಅದೊಂದೇ ಪದ. ಮುಖದಲ್ಲಿ ಅತಿಥಿಗಳಿಗಾಗಿ ಇಟ್ಟುಕೊಂಡಿದ್ದ ನಗು.

ನಾನು ಎಡಗೈಯಲ್ಲಿ ಹಗ್ಗ ಹಿಡಿದು, ಮಂಡಿಯೂರಿ, ಬಲಗೈಯಲ್ಲಿ ಬಾಚಿದೆ. ಬಿಸಿಯಾಗಿತ್ತು. ಕಾಗದದ ತಟ್ಟೆಗೆ ತುಂಬಿದೆ. ಫೋನುಗಳು ಸ್ವಲ್ಪ ಹೊತ್ತು ಬೇರೆ ಕಡೆ ತಿರುಗಿದವು. ಲಕ್ಷ್ಮಿ ಬರುವುದು ಚಿತ್ರಕ್ಕೆ ಬೇಕು, ಹೋಗುವುದು ಬೇಡ. ಅಡುಗೆಮನೆಯ ನಲ್ಲಿಯ ಕಡೆ ಹೆಜ್ಜೆ ಹಾಕಿದರೆ ಅಲಮೇಲು ಅಡ್ಡ ಬಂದಳು.

"ಇಲ್ಲಿ ಬೇಡಪ್ಪಾ, ಹಾಲು ಉಕ್ಕಿಸಬೇಕು ಇನ್ನೂ. ಹಿತ್ತಲಲ್ಲಿ ಪೈಪ್ ಇದೆ. ಮತ್ತೆ ನಿನ್ನ ಊಟ ಗ್ಯಾರೇಜಲ್ಲಿ ಇಡಿಸ್ತೀನಿ, ಆಯ್ತಾ? ಬಟ್ಟೆ ವಾಸನೆ ನೋಡು. ರೋಸಿನೂ ಅಲ್ಲೇ ಬರ್ತಾಳೆ, ಕಂಪನಿ ಆಗುತ್ತೆ."

"ಕೈ ತೊಳೀಬೇಕಂದ್ರ ಹಗ್ಗ ಯಾರ ಹಿಡೀತಾರ್ರಿ?"

ಯಾರೂ ಹಿಡಿಯಲಿಲ್ಲ. ಸಗಣಿಯ ಕೈಯನ್ನು ದೂರ ಹಿಡಿದು ಅಲ್ಲೇ ನಿಂತೆ. ಬೆರಳ ಸಂದಿಯಲ್ಲಿ ಅದು ಒಣಗುತ್ತ ಚರ್ಮವನ್ನು ಬಿಗಿಯತೊಡಗಿತು.

ದ್ವಾರಕಾನಾಥ ಗ್ಲೆನ್‌ನನ್ನು ಮುಂದೆ ಕರೆದು ಹೆಗಲಿಗೆ ರೇಷ್ಮೆ ಶಾಲು ಹೊದಿಸಿದ. ತನ್ನ ಕಂಪನಿ ಅಮೆರಿಕದ ರೈತನಿಗೆ ಹೇಗೆ ದಾರಿದೀಪವಾಗಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. 'ಕ್ಯಾಟಲ್' ಎಂದ, 'ಕಮ್ಯುನಿಟಿ' ಎಂದ, ದನ ಯಾವುದಕ್ಕೆ ಎಂದು ಮಾತ್ರ ಹೇಳಲಿಲ್ಲ. "ನೀವೇ ಹೇಳಿ ಗ್ಲೆನ್, ನಮ್ಮ ಮುನ್ನೋಟದಿಂದ ನಿಮಗೆ ಏನಾಯಿತು?"

ಗ್ಲೆನ್ ಟೋಪಿ ತೆಗೆದ. "ನಿಮ್ಮ ಮಾತು ನಂಬಿದ್ದೇನೆ. ಕಡಸುಗಳನ್ನು ಮಾರುವುದಿಲ್ಲ. ಸಂಜೆ ಫೋನ್ ಮಾಡಿ ಬೇಡ ಎನ್ನುತ್ತೇನೆ. ಮಗಳ ಕಾಲಕ್ಕೆ ಹಿಂಡು ದೊಡ್ಡದಾಗಿರಲಿ."

ಮಾರುವುದಿಲ್ಲ ಎಂದದ್ದಕ್ಕೆ ಜೋರು ಚಪ್ಪಾಳೆ. ಯಾರೋ "ಗೋರಕ್ಷಕ!" ಎಂದು ಕೂಗಿದರು. ಭಟ್ಟರ ಕಣ್ಣಲ್ಲಿ ನೀರು. ಗ್ಲೆನ್ ಚಪ್ಪಾಳೆ ಯಾಕೆಂದು ತಿಳಿಯದೆ ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ನನ್ನ ಕಡೆ ನೋಡಿದ.

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ.

"ಮಾರು, ಗ್ಲೆನ್. ಸಂಜೆಯವರೆಗೂ ಕಾಯಬೇಡ. ಇದನ್ನೂ ಸೇರಿಸಿ ಎಲ್ಲವನ್ನೂ ಮಾರು. ಮಾಂಸದ ಬೆಲೆ ಬೀಳುತ್ತದೆ. ವರದಿಯ ಗೆರೆ ನಾನು ಎಳೆದದ್ದಲ್ಲ."

ಚಪ್ಪಾಳೆ ನಿಂತಿತು. ದ್ವಾರಕಾನಾಥನ ಮುಖದ ನಗು ಹಾಗೆಯೇ ಇತ್ತು; ಗ್ಲೆನ್ ನೋಡುತ್ತಿದ್ದನಲ್ಲ. ಆ ನಗುವಿನೊಳಗಿಂದಲೇ ಕನ್ನಡ ಹೊರಬಂತು.

"ಏನೋ ಬೊಗಳ್ತಾ ಇದೀಯ, ಬೋಳಿಮಗನೆ? ಪೂಜೆ ಮನೇಲಿ ಮಾಂಸ ಅಂತೀಯಾ? ಜಾತಿ ಬುದ್ಧಿ ತೋರಿಸ್ಬಿಟ್ಯಲ್ಲೋ. ಸೋಮವಾರದ ಸಹಿ ಮರೆತುಬಿಡು. ಹೆಂಡ್ತಿ ಕರ್ಕೊಂಡು ವಾಪಸ್ ಹೋಗು, ಊರಲ್ಲಿ ಸತ್ತ ದನ ಎಳಿ."

"ಆ ಸಹಿ ನಿನ್ನ ಮುಕಳ್ಯಾಗ ಇಟಗೊ," ಎಂದೆ. ಐದು ವರ್ಷದಲ್ಲಿ ಅವನಿಗೆ ನಾನು ಏಕವಚನ ಹಚ್ಚಿದ್ದು ಅದೇ ಮೊದಲು. ಬಾಯಿಗೆ ಬಹಳ ಹಗುರವಾಗಿ ಬಂತು.

ಅಲಮೇಲು ಕಿವಿ ಮುಚ್ಚಿಕೊಂಡಳು. ದ್ವಾರಕಾನಾಥ ಗ್ಲೆನ್ ಕಡೆ ತಿರುಗಿ, ಈ ಹುಡುಗನಿಗೆ ತಲೆ ಸರಿಯಿಲ್ಲ, ಕೆಲಸದ ಒತ್ತಡ ಎಂದ. "ರೋಸಿ! ಹೇಳು ಅವರಿಗೆ, ಇವನ ನಂಬರ್ ತಪ್ಪು ಅಂತ."

ರೋಸಿ ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಾಳೆಎಲೆಯ ಕಟ್ಟು. ನನ್ನನ್ನು ನೋಡಿದಳು, ನನ್ನ ಬಲಗೈಯನ್ನು ನೋಡಿದಳು.

"ಸರಿಯೇ ಉಂಟು ಸಾರ್. ನಾನೇ ಚೆಕ್ ಮಾಡಿದ್ದು." ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಗ್ಲೆನ್‌ಗೆ ಹೇಳಿದಳು.

ಗ್ಲೆನ್ ಹೆಗಲ ಮೇಲಿನ ಶಾಲು ತೆಗೆದು ಮಡಚಿದ, ಎಲ್ಲಿಡುವುದೆಂದು ತಿಳಿಯದೆ ಮಂಟಪದ ಪಕ್ಕ ನೆಲಕ್ಕಿಟ್ಟ. "ಎಷ್ಟು ಬೀಳುತ್ತದೆ?" ಎಂದು ಕೇಳಿದ.

"ನಿಂತು ಹೇಳುವಂಥದ್ದಲ್ಲ. ಮುಂದಿನ ವರ್ಷವೂ ಸೇರಿಸಿ ಹೇಳಬೇಕು."

"ಹಾಗಾದರೆ ಕೂತೇ ಹೇಳು."

"ಹಗ್ಗ?"

"ಬಿಡು. ಅದು ಯಾರಿಗೂ ಏನೂ ಮಾಡುವುದಿಲ್ಲ."

ನಾನು ಹಗ್ಗ ಬಿಟ್ಟೆ. ನಡುಮನೆಯಲ್ಲಿ ಹಾಲುಬಿಳಿಯ ಸೋಫಾ ಇತ್ತು, ಹಿಂದಿನ ದಿನ ತಂದದ್ದು, ಯಾರೂ ಇನ್ನೂ ಕೂತಿರಲಿಲ್ಲ. ಅದರ ಮೇಲೆ ಕೂತು, ಬಲಗೈಯನ್ನು ಅಗಲಿಸಿ ಸೋಫಾದ ತೋಳಿನ ಮೇಲಿಟ್ಟೆ. ಗ್ಲೆನ್ ಎದುರಿಗೆ ಮೆಟ್ಟಿಲ ಮೇಲೆ ಕೂತ, ಟೋಪಿ ಮಂಡಿಯ ಮೇಲೆ. ನಾನು ಶುರು ಮಾಡಿದೆ: ಈ ವಾರ ದೇಶದಲ್ಲಿ ಎಷ್ಟು ದನ ಕೊಯ್ದರು, ಒಂದೊಂದು ಎಷ್ಟು ತೂಗಿತು, ಮಾಂಸದ ದರ ಪೌಂಡಿಗೆ ಎಷ್ಟಕ್ಕೆ ಬಂತು, ಕರುಳಿಗೆ ಎಷ್ಟು ಸಿಕ್ಕಿತು. ಗ್ಲೆನ್ ತಲೆಯಾಡಿಸುತ್ತ ಕೇಳಿದ. ಭಟ್ಟರು ಕಿವಿಗೆ ಅಂಗವಸ್ತ್ರ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿದರು.

ಕಡಸು ಸುತ್ತ ನೋಡಿತು. ಮಂಟಪದ ಬಾಳೆಕಂದಿನ ಬಳಿಗೆ ಹೋಗಿ ಒಂದು ಎಲೆ ಎಳೆಯಿತು. ಕಂದು ವಾಲಿತು, ಮಂಟಪ ವಾಲಿತು, ಕಳಶ ಉರುಳಿ ನೀರು ಚೆಲ್ಲಿತು. ರೇಷ್ಮೆ ಉಟ್ಟ ನಲವತ್ತು ಜನ ಗೋಡೆಗಳಿಗೆ ಅಂಟಿಕೊಂಡರು. ಹಗ್ಗ ನೆಲದ ಮೇಲೆ ಸರಸರ ಹರಿಯುತ್ತಿತ್ತು. ಎಲ್ಲರ ಕಾಲ ಬುಡದಲ್ಲೂ ಹಾದು ಹೋಯಿತು, ಬಗ್ಗಿದವರು ಒಬ್ಬರೂ ಇಲ್ಲ.

"ಎದ್ದೇಳೋ!" ದ್ವಾರಕಾನಾಥ ಸೋಫಾದ ಹಿಂದಿನಿಂದ ಕೂಗಿದ, ಈಗ ನಗು ಇರಲಿಲ್ಲ. "ದ್ಯಾಮಣ್ಣಾ, ಎದ್ದು ಹಿಡಿಯೋ ಅದನ್ನ! ಅಡುಗೆಮನೆಗೆ ಹೋಗ್ತಾ ಇದೆ! ಸಹಿ... ಸಹಿ ಬಗ್ಗೆ ಮಾತಾಡೋಣ, ಏಳಪ್ಪಾ!"

"ಇನ್ನು ಮುಂದಿನ ವರ್ಷದ್ದು," ಎಂದೆ ಗ್ಲೆನ್‌ಗೆ.

ನಾನು ಏಳಲಿಲ್ಲ.